ಊರಿನ ಯುವಕ ಸಂಘದ ಮುಂದಿನ ಒಂದು ವರ್ಷ: ಚಟುವಟಿಕೆ, ಸ್ಪರ್ಧೆಗಳನ್ನು ಯೋಜಿಸಿ ನಡೆಸುವ ಸಮಗ್ರ ಮಾರ್ಗದರ್ಶಿ

ನಮ್ಮೂರಿನ ಯುವಕ ಸಂಘಕ್ಕೆ ನಾನು ಕಾರ್ಯದರ್ಶಿಯಾದ ಮೊದಲ ವರ್ಷ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಏರ್ಪಡಿಸಿದ್ದೆವು. ಹದಿನೇಳು ತಂಡಗಳು ಬಂದವೆಂದು ಹಿಗ್ಗಿ, ಸಭಾ ಕಾರ್ಯಕ್ರಮ ಮುಗಿಸಿ, ಮೊದಲ ಪಂದ್ಯಕ್ಕೆ ಸೀಟಿ ಊದುವಾಗ ಸಂಜೆ ಏಳು ಗಂಟೆ. ರಾತ್ರಿ ಹತ್ತಕ್ಕೆ ಮೈಕು ನಿಲ್ಲಿಸಬೇಕಾಯಿತು. ಆಮೇಲೆ ಅಂಕಗಳನ್ನು ಕೂಗಿ ಹೇಳಿ ಗಂಟಲು ಕಟ್ಟಿತು. ಅಂತಿಮ ಪಂದ್ಯ ಮುಗಿಯುವ ಹೊತ್ತಿಗೆ ಜನ ಕ್ಯಾನು ಹಿಡಿದು ಡೇರಿಗೆ ಹಾಲು ಹಾಕಲು ಹೊರಟಿದ್ದರು, ಬಹುಮಾನ ವಿತರಿಸಬೇಕಾದ ಹಿರಿಯರು ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಹದಿನೇಳು ತಂಡಗಳೆಂದರೆ ಹದಿನಾರು ಪಂದ್ಯ, ಪಂದ್ಯಕ್ಕೆ ಮುಕ್ಕಾಲು ಗಂಟೆಯಂತೆ ಹನ್ನೆರಡು ಗಂಟೆ ಎಂಬ ಲೆಕ್ಕವನ್ನು ನಮ್ಮಲ್ಲಿ ಒಬ್ಬರೂ ಹಾಕಿರಲಿಲ್ಲ.

ಈ ಮಾರ್ಗದರ್ಶಿಯಲ್ಲಿರುವುದೆಲ್ಲ ಬಹುಮಟ್ಟಿಗೆ ಅಂಥ ಲೆಕ್ಕಗಳೇ. ಸ್ಪರ್ಧೆಯ ದಿನ ತೀರ್ಮಾನಿಸಬೇಕಾದ ಸಂಗತಿಗಳು ಎಷ್ಟು ಕಡಿಮೆ ಇರುತ್ತವೆಯೋ ಅಷ್ಟು ಜಗಳ ಕಡಿಮೆ. ಆದ್ದರಿಂದ ಇಲ್ಲಿ ಹೇಳಿರುವ ಹೆಜ್ಜೆಗಳಲ್ಲಿ ಹೆಚ್ಚಿನವು ಶಾಮಿಯಾನ ಕಟ್ಟುವ ಮೊದಲೇ ಮುಗಿಯಬೇಕಾದವು.

ಮೊದಲ ಹೆಜ್ಜೆ: ಸಂಘದ ಕಾಗದಪತ್ರ

ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಅಡಿಯಲ್ಲಿ ಕನಿಷ್ಠ ಏಳು ಮಂದಿ ಸೇರಿ ಸಂಘವನ್ನು ನೋಂದಾಯಿಸಬಹುದು. ನೋಂದಣಿಯಾದ ಸಂಘಗಳಲ್ಲಿ ಬಹುಪಾಲು ಎಡವುವುದು ಅದರ ನಂತರದ ಕೆಲಸದಲ್ಲಿ: ಪ್ರತಿ ವರ್ಷ ಸರ್ವ ಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಇದನ್ನು ನಾಲ್ಕಾರು ವರ್ಷ ಬಿಟ್ಟರೆ, ಇಲಾಖೆಯಿಂದ ಕ್ರೀಡಾ ಸಾಮಗ್ರಿಯನ್ನೋ ಸಹಾಯಧನವನ್ನೋ ಕೇಳಲು ಹೋದ ದಿನ ಬಾಕಿಯೆಲ್ಲ ಒಟ್ಟಿಗೆ ಎದುರಾಗುತ್ತದೆ. ಬ್ಯಾಂಕ್ ಖಾತೆ ಸಂಘದ ಹೆಸರಿನಲ್ಲಿದ್ದು, ಇಬ್ಬರ ಸಹಿಯಿಂದ ಮಾತ್ರ ಹಣ ತೆಗೆಯುವಂತಿರಲಿ. ಕಾರ್ಯದರ್ಶಿಯ ಸ್ವಂತ ಫೋನಿನ ಕ್ಯೂಆರ್ ಕೋಡಿಗೆ ಚಂದಾ ಹಾಕಿಸಿಕೊಳ್ಳುವ ಈಚಿನ ಅಭ್ಯಾಸ ಎಷ್ಟೇ ಪ್ರಾಮಾಣಿಕವಾಗಿದ್ದರೂ ಮುಂದೆ ಮಾತಿಗೆ ಎಡೆಮಾಡಿಕೊಡುತ್ತದೆ.

ಹದಿನೈದರಿಂದ ಇಪ್ಪತ್ತೊಂಬತ್ತು ವರ್ಷದೊಳಗಿನ ಸದಸ್ಯರು 2023ರ ಅಕ್ಟೋಬರ್ 31ರಂದು ಆರಂಭವಾದ ಕೇಂದ್ರ ಸರ್ಕಾರದ ಮೇರಾ ಯುವ ಭಾರತ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದು. ಒಂದು ಭಾನುವಾರ ಸಂಘದ ಕಟ್ಟಡದಲ್ಲಿ ಕುಳಿತು ಎಲ್ಲರದ್ದನ್ನೂ ಒಟ್ಟಿಗೆ ಮುಗಿಸಿದರೆ ಆಯಿತು.

ಎರಡನೆಯ ಹೆಜ್ಜೆ: ಹೊಲದ ಪಂಚಾಂಗದಿಂದ ಸಂಘದ ಪಂಚಾಂಗ

ವಾರ್ಷಿಕ ಯೋಜನೆ ಎಂದಕೂಡಲೇ ದಿನಾಚರಣೆಗಳ ಪಟ್ಟಿ ಮಾಡುವುದು ರೂಢಿ. ಅದಕ್ಕಿಂತ ಮೊದಲು ಒಂದು ದೊಡ್ಡ ಹಾಳೆಯಲ್ಲಿ ಹನ್ನೆರಡು ತಿಂಗಳ ಮನೆಗಳನ್ನು ಎಳೆದು, ಏನನ್ನೂ ನಡೆಸಲಾಗದ ದಿನಗಳನ್ನು ಕಪ್ಪು ಮಾಡಿ. ರಾಗಿ ಬೆಳೆಯುವ ಬಯಲುಸೀಮೆಯಲ್ಲಿ ಬಿತ್ತನೆಯ ಜುಲೈ, ಕೊಯ್ಲು ಒಕ್ಕಣೆಯ ನವೆಂಬರ್, ಡಿಸೆಂಬರ್. ಮಲೆನಾಡು, ಕರಾವಳಿಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ಜಡಿಮಳೆ ಮತ್ತು ನಾಟಿ. ಎಲ್ಲ ಕಡೆಯೂ ಫೆಬ್ರವರಿ ಕೊನೆಯಿಂದ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳು ಮುಗಿಯುವವರೆಗಿನ ಕಾಲ. ಊರ ಜಾತ್ರೆ, ನೆರೆಯೂರ ಜಾತ್ರೆ, ಪಿತೃಪಕ್ಷ. ಇಷ್ಟನ್ನೂ ಕಪ್ಪು ಮಾಡಿದ ಮೇಲೆ ಉಳಿಯುವ ಬಿಳಿಯ ಜಾಗವೇ ಸಂಘಕ್ಕೆ ನಿಜವಾಗಿ ದಕ್ಕುವ ವರ್ಷ. ಅದು ಚಿಕ್ಕದಾಗಿ ಕಂಡರೆ ಹೆದರಬೇಕಿಲ್ಲ, ಎಲ್ಲ ಊರಲ್ಲೂ ಅದು ಚಿಕ್ಕದೇ.

ಈಗ ಆ ಬಿಳಿಯ ಜಾಗದಲ್ಲಿ ದಿನಗಳನ್ನು ಕೂರಿಸಿ: ಜೂನ್ 5ರ ಪರಿಸರ ದಿನ, ಜುಲೈ ಮೊದಲ ವಾರದ ವನಮಹೋತ್ಸವ, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1ರ ರಾಜ್ಯೋತ್ಸವ, ಡಿಸೆಂಬರ್ 23ರ ರೈತರ ದಿನ, ವಿವೇಕಾನಂದ ಜಯಂತಿಯೂ ರಾಷ್ಟ್ರೀಯ ಯುವ ದಿನವೂ ಆದ ಜನವರಿ 12, ಮತದಾರರ ದಿನವಾದ ಜನವರಿ 25. ಇವೆಲ್ಲವನ್ನೂ ಆಚರಿಸಲು ಹೊರಟ ಸಂಘ ಯಾವುದನ್ನೂ ಸರಿಯಾಗಿ ಆಚರಿಸುವುದಿಲ್ಲ. ಇಪ್ಪತ್ತು ಸದಸ್ಯರ ಸಂಘವೊಂದು ವರ್ಷಕ್ಕೆ ಎರಡು ದೊಡ್ಡ ಕಾರ್ಯಕ್ರಮ, ನಾಲ್ಕು ಸಣ್ಣ ಕಾರ್ಯಕ್ರಮಗಳನ್ನು ಹೊರಬಲ್ಲದು ಎಂಬುದು ನನ್ನ ಅಂದಾಜು. ಅದರ ಮೇಲೆ ಹೇರಿದರೆ ಕೆಲಸವೆಲ್ಲ ನಾಲ್ಕೈದು ಮಂದಿಯ ತಲೆಗೇ ಬಿದ್ದು, ಮರುವರ್ಷ ಅವರು ಸಭೆಗೇ ಬರುವುದಿಲ್ಲ.

ಸಂಘದ ಹೊರಗಿನ ಎರಡು ಸ್ಪರ್ಧೆಗಳಿಗೆ ಮಾತ್ರ ಜಾಗ ಕಾದಿರಿಸಲೇಬೇಕು. ಒಂದು, ತಾಲ್ಲೂಕಿನಿಂದ ಜಿಲ್ಲೆ, ಜಿಲ್ಲೆಯಿಂದ ವಿಭಾಗ, ಅಲ್ಲಿಂದ ಮೈಸೂರಿಗೆ ಏರುವ ದಸರಾ ಕ್ರೀಡಾಕೂಟ. ಇನ್ನೊಂದು, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಯುವಜನ ಮೇಳ; ಭಾವಗೀತೆ, ಲಾವಣಿ, ಗೀಗೀ ಪದ, ರಂಗಗೀತೆ, ಸೋಬಾನೆ ಪದ, ರಾಗಿ ಬೀಸುವ ಪದ, ಕೋಲಾಟ, ಡೊಳ್ಳು ಕುಣಿತ, ವೀರಗಾಸೆಯಂಥವು ಅದರಲ್ಲಿ ಸ್ಪರ್ಧೆಗಳಾಗಿಯೇ ನಡೆಯುತ್ತವೆ. ಇವುಗಳ ದಿನಾಂಕ ಸಾಮಾನ್ಯವಾಗಿ ಕೆಲವೇ ದಿನ ಮುಂಚೆ ತಿಳಿಯುವುದರಿಂದ, ಸುತ್ತೋಲೆ ಬಂದ ಮೇಲೆ ಹಾಡು ಕಲಿಯಲು ಕೂರುವ ತಂಡಕ್ಕೆ ಅವಕಾಶ ಇರುವುದಿಲ್ಲ. ವಯೋಮಿತಿ ಮತ್ತು ವಾಸಸ್ಥಳದ ದಾಖಲೆಗಳ ಪ್ರತಿಗಳನ್ನು ಪ್ರತಿಯೊಬ್ಬ ಸದಸ್ಯರಿಂದ ವರ್ಷದ ಆರಂಭದಲ್ಲೇ ಪಡೆದು ಒಂದು ಫೈಲಿನಲ್ಲಿ ಇಡಿ. ಮೇಲಿನ ಹಂತಗಳಲ್ಲಿ ಗೆದ್ದವರಿಗೆ ದಾರಿ ದೂರದವರೆಗೂ ಇದೆ; ರಾಷ್ಟ್ರೀಯ ಯುವಜನೋತ್ಸವ ನಮ್ಮ ರಾಜ್ಯಕ್ಕೇ 2012ರಲ್ಲಿ ಮಂಗಳೂರಿಗೂ 2023ರಲ್ಲಿ ಹುಬ್ಬಳ್ಳಿ-ಧಾರವಾಡಕ್ಕೂ ಬಂದಿತ್ತು.

ಮೂರನೆಯ ಹೆಜ್ಜೆ: ಏನನ್ನು ನಡೆಸಬೇಕೆಂಬ ಆಯ್ಕೆ

ಪ್ರತಿ ಪ್ರಸ್ತಾವಕ್ಕೂ ಒಂದೇ ಪ್ರಶ್ನೆ ಕೇಳಿ: ಇದರಲ್ಲಿ ನಮ್ಮೂರಿನ ಎಷ್ಟು ಮಂದಿ ಆಡುತ್ತಾರೆ, ಎಷ್ಟು ಮಂದಿ ಬರೇ ನೋಡುತ್ತಾರೆ? ದೂರದ ಊರುಗಳಿಂದ ತಂಡಗಳನ್ನು ಕರೆಸುವ ಪಂದ್ಯಾವಳಿಗೆ ಸದ್ದು ಹೆಚ್ಚು, ಆದರೆ ಅದರಲ್ಲಿ ಊರಿನವರು ಏಳು ಮಂದಿ ಆಡಿ ಇನ್ನೂರು ಮಂದಿ ಕುರ್ಚಿ ಹೊರುತ್ತಾರೆ. ಆದ್ದರಿಂದ ಎರಡು ದೊಡ್ಡ ಕಾರ್ಯಕ್ರಮಗಳಲ್ಲಿ ಒಂದು ಹೊರಗಿನವರಿಗೆ ತೆರೆದಿದ್ದರೆ, ಇನ್ನೊಂದು ಊರೊಳಗಿನ ಕೇರಿ ಕೇರಿಗಳ ಮಿಶ್ರ ತಂಡಗಳ ಕ್ರೀಡಾಕೂಟವಾಗಿರಲಿ. ಕೇರಿಗೊಂದು ತಂಡ ಮಾಡಬೇಡಿ. ಅದು ಪಂದ್ಯ ಮುಗಿದ ಮೇಲೂ ಮುಗಿಯುವುದಿಲ್ಲ. ಎಲ್ಲರ ಹೆಸರನ್ನೂ ಚೀಟಿ ಎತ್ತಿ ನಾಲ್ಕು ಬಣ್ಣಗಳಿಗೆ ಹಂಚಿದರೆ ಅಣ್ಣ ಕೆಂಪಿಗೆ, ತಮ್ಮ ನೀಲಿಗೆ ಹೋಗುತ್ತಾರೆ, ಕೂಗಾಟಕ್ಕೆ ಸೊಗಸು ಬರುತ್ತದೆ.

ಯುವತಿ ಮಂಡಳಿಯನ್ನು ರಂಗೋಲಿ ಸ್ಪರ್ಧೆಗೆ ಮಾತ್ರ ನೆನೆಯುವ ಚಾಳಿ ಹಲವು ಊರುಗಳಲ್ಲಿದೆ. ಹುಡುಗಿಯರು ಏಕೆ ಬರುವುದಿಲ್ಲವೆಂದು ಕೇಳುವ ಮೊದಲು ಕಾರ್ಯಕ್ರಮದ ವೇಳೆಯನ್ನು ನೋಡಬೇಕು. ಬೆಳಿಗ್ಗೆ ಎಂಟೂವರೆಗೆ ಶುರುವಾಗಿ ಸಂಜೆ ಐದಕ್ಕೆ ಮುಗಿಯುವ ಖೋಖೋ, ಥ್ರೋಬಾಲ್ ಪಂದ್ಯಗಳಿಗೆ, ಮೈದಾನದ ಬಳಿ ಬಟ್ಟೆ ಬದಲಿಸಲು ಶಾಲೆಯ ಒಂದು ಕೊಠಡಿಯೂ ಶೌಚಾಲಯದ ಬೀಗದಕೈಯೂ ಇದ್ದರೆ ತಂಡಗಳು ತಾವಾಗಿಯೇ ಬರುತ್ತವೆ. ಆ ಬೀಗದಕೈಯನ್ನು ಹಿಂದಿನ ದಿನವೇ ತಂದಿಟ್ಟುಕೊಳ್ಳಿ.

ನಾಲ್ಕನೆಯ ಹೆಜ್ಜೆ: ಕಬಡ್ಡಿ ಪಂದ್ಯಾವಳಿ

ಒಂದು ಸ್ಪರ್ಧೆಯನ್ನಾದರೂ ಎಳೆ ಎಳೆಯಾಗಿ ಬಿಡಿಸಿ ಹೇಳಬೇಕೆಂದರೆ ನಮ್ಮ ಹಳ್ಳಿಗಳಿಗೆ ಕಬಡ್ಡಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಮೊದಲು ಸಮಯದ ಲೆಕ್ಕ. ಸೋತವರು ಹೊರಹೋಗುವ ನಾಕೌಟ್ ಪದ್ಧತಿಯಲ್ಲಿ ಒಟ್ಟು ಪಂದ್ಯಗಳು ಯಾವಾಗಲೂ ತಂಡಗಳ ಸಂಖ್ಯೆಗಿಂತ ಒಂದು ಕಡಿಮೆ, ಏಕೆಂದರೆ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಒಂದೊಂದು ಸಲ ಸೋಲಬೇಕು. ಎಲ್ಲರೂ ಎಲ್ಲರೊಡನೆ ಆಡುವ ಲೀಗ್ ಪದ್ಧತಿಯಲ್ಲಿ ತಂಡಗಳ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಗುಣಿಸಿ ಅರ್ಧ ಮಾಡಬೇಕು: ಆರು ತಂಡಕ್ಕೆ ಹದಿನೈದು ಪಂದ್ಯ. ಪುರುಷರ ಪೂರ್ಣ ಪಂದ್ಯ ಇಪ್ಪತ್ತು ನಿಮಿಷದ ಎರಡು ಅವಧಿ, ನಡುವೆ ಐದು ನಿಮಿಷ ವಿರಾಮ. ತಂಡ ಬದಲಾಗುವ ಹೊತ್ತನ್ನೂ ಸೇರಿಸಿದರೆ ಒಂದು ಗಂಟೆಗೆ ಹತ್ತಿರ. ಊರ ಪಂದ್ಯಾವಳಿಗೆ ಆರಂಭದ ಸುತ್ತುಗಳನ್ನು ಹದಿನೈದು ನಿಮಿಷದ ಅವಧಿಗಳಿಗೆ ಇಳಿಸಿ, ಅಂತಿಮ ಪಂದ್ಯವನ್ನು ಮಾತ್ರ ಪೂರ್ಣವಾಗಿ ಆಡಿಸುವುದು ಮೇಲು. ಹನ್ನೊಂದು ತಂಡಗಳಿದ್ದರೆ ಹತ್ತು ಪಂದ್ಯ, ಮುಕ್ಕಾಲು ಗಂಟೆಯಂತೆ ಏಳೂವರೆ ಗಂಟೆ; ಬೆಳಿಗ್ಗೆ ಒಂಬತ್ತಕ್ಕೆ ಶುರುಮಾಡಿದರೆ ಊಟದ ಬಿಡುವೂ ಸೇರಿ ಕತ್ತಲಾಗುವ ಮೊದಲು ಮುಗಿಯುತ್ತದೆ. ಈ ಲೆಕ್ಕವೇ ಎಷ್ಟು ತಂಡಗಳಿಗೆ ಪ್ರವೇಶ ಕೊಡಬೇಕೆಂಬುದನ್ನು ನಿರ್ಧರಿಸಬೇಕು, ಮತ್ತು ಆ ಸಂಖ್ಯೆ ಕರಪತ್ರದಲ್ಲೇ ಅಚ್ಚಾಗಬೇಕು.

ಹನ್ನೊಂದು ತಂಡಗಳನ್ನು ಜೋಡಿಸುವುದು ಹೀಗೆ. ಹನ್ನೊಂದರ ಮುಂದಿನ, ಎರಡೆರಡಾಗಿ ಒಡೆಯುತ್ತ ಹೋಗಬಲ್ಲ ಸಂಖ್ಯೆ ಹದಿನಾರು. ಹದಿನಾರರಲ್ಲಿ ಹನ್ನೊಂದನ್ನು ಕಳೆದರೆ ಐದು. ಐದು ತಂಡಗಳಿಗೆ ಮೊದಲ ಸುತ್ತಿನ ವಿನಾಯಿತಿ, ಅಂದರೆ ಬೈ. ಉಳಿದ ಆರು ತಂಡಗಳು ಮೂರು ಪಂದ್ಯ ಆಡಿ ಗೆದ್ದ ಮೂರು, ಬೈ ಪಡೆದ ಐದು ಸೇರಿ ಎಂಟಾಗುತ್ತವೆ. ಅಲ್ಲಿಂದ ನಾಲ್ಕು, ಎರಡು, ಒಂದು ಪಂದ್ಯ. ಬೈ ಯಾರಿಗೆಂಬುದನ್ನು ನಾಯಕರೆಲ್ಲರ ಎದುರಿನಲ್ಲಿ, ಚೊಂಬಿನೊಳಗೆ ಚೀಟಿ ಹಾಕಿ, ಸಣ್ಣ ಮಗುವೊಂದರ ಕೈಯಿಂದ ಎತ್ತಿಸಿ. ಆತಿಥೇಯ ತಂಡಕ್ಕೆ ಬೈ ಬಿದ್ದರೂ ಆಗ ಯಾರೂ ಹುಬ್ಬೇರಿಸುವಂತಿಲ್ಲ.

ಅಂಕಣ ಪುರುಷರಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರಿಗೆ 12 ಮತ್ತು 8. ಅಗಲದ ಎರಡು ಬದಿಯಲ್ಲೂ ಒಂದೊಂದು ಮೀಟರ್ ಲಾಬಿ, ಅಂದರೆ ಅಂಚಿನ ಪಟ್ಟಿ, ಈ ಅಳತೆಯೊಳಗೇ ಬರುತ್ತದೆ. ಪುರುಷರ ಅಂಕಣದಲ್ಲಿ ನಡುಗೆರೆಯಿಂದ 3.75 ಮೀಟರಿಗೆ ದಾಳಿಗಾರ ದಾಟಬೇಕಾದ ಬಾಕ್ ಗೆರೆ, ಅದರಿಂದ ಒಂದು ಮೀಟರ್ ಆಚೆಗೆ, ದಾಟಿದರೆ ಹೆಚ್ಚುವರಿ ಅಂಕ ತರುವ ಬೋನಸ್ ಗೆರೆ. ಚೌಕ ಸೊಟ್ಟಗಾಗದಂತೆ ನೋಡಿಕೊಳ್ಳಲು ಮೂಲೆಯಿಂದ ಮೂಲೆಗೆ ಹಗ್ಗ ಹಿಡಿಯಿರಿ: ಎರಡೂ ಕರ್ಣಗಳು 16 ಮೀಟರ್ 40 ಸೆಂಟಿಮೀಟರ್ ಬಂದರೆ ಮೂಲೆಗಳು ಸರಿಯಾಗಿವೆ. ಇದು ಹೆಚ್ಚುಗಾರಿಕೆಯೆನಿಸಬಹುದು, ಆದರೆ ಗೆರೆ ಅರ್ಧ ಅಡಿ ವಾಲಿದ್ದರಿಂದ ಒಂದು ಬೋನಸ್ ಅಂಕದ ಮೇಲೆ ಅರ್ಧ ಗಂಟೆ ಪಂದ್ಯ ನಿಂತದ್ದನ್ನು ನಾನು ಕಂಡಿದ್ದೇನೆ. ಮಣ್ಣನ್ನು ಜರಡಿ ಹಿಡಿದು, ಹರಳು ಗಾಜಿನ ಚೂರುಗಳನ್ನು ಆರಿಸಿ, ಹಿಂದಿನ ಸಂಜೆ ನೀರು ಚಿಮುಕಿಸಿ ಬಿಡಬೇಕು. ಬೆಳಿಗ್ಗೆ ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಬೆರಳು ಒತ್ತಿದರೆ ಪುಡಿಯಾಗುವ ಹದ ಅದಕ್ಕೆ ತಕ್ಕದ್ದು.

ತೂಕದ ವಿಭಾಗ ಇಟ್ಟಿದ್ದರೆ, ಒಂದೇ ತಕ್ಕಡಿಯಲ್ಲಿ, ಚೀಟಿ ಎತ್ತುವ ಮೊದಲು, ಎಲ್ಲ ಆಟಗಾರರನ್ನೂ ಒಂದೇ ಸಲ ತೂಗಿ ಅಂಗೈಯ ಹಿಂಬದಿಗೆ ಮುದ್ರೆ ಒತ್ತಿಬಿಡಿ. ನಾವೊಮ್ಮೆ ರಾಗಿ ಮೂಟೆ ತೂಗುವ ತಕ್ಕಡಿ ತಂದಿದ್ದೆವು. ತೂಕವೇನೋ ಸರಿಯಾಗಿಯೇ ಬಂತು, ಆದರೆ ಮೂಟೆಯಂತೆ ತೂಗಿಸಿಕೊಂಡ ಹುಡುಗರ ಸಿಟ್ಟು ಇಳಿಯಲು ಎರಡು ಪಂದ್ಯ ಹಿಡಿಯಿತು.

ನಿಯಮಗಳನ್ನು ಒಂದು ಪುಟಕ್ಕೆ ಇಳಿಸಿ ಪ್ರತಿ ನಾಯಕನ ಸಹಿ ಪಡೆಯಿರಿ. ದಾಳಿಗೆ ಮೂವತ್ತು ಸೆಕೆಂಡು. ಎದುರಾಳಿಗಳು ಆರು ಅಥವಾ ಹೆಚ್ಚು ಮಂದಿ ಅಂಕಣದಲ್ಲಿದ್ದಾಗ ಮಾತ್ರ ಬೋನಸ್. ಇಡೀ ತಂಡ ಔಟಾದರೆ ಎದುರಾಳಿಗೆ ಲೋನಾ ಎಂಬ ಎರಡು ಹೆಚ್ಚುವರಿ ಅಂಕ. ಎಳೆದಾಟ ಶುರುವಾದ ಮೇಲಷ್ಟೇ ಲಾಬಿ ಆಟದೊಳಗೆ. ಸಮಬಲವಾದರೆ ಏನು ಮಾಡುತ್ತೀರಿ, ತಂಡ ಎಷ್ಟು ನಿಮಿಷ ತಡವಾದರೆ ಎದುರಾಳಿಗೆ ಗೆಲುವು, ಆಕ್ಷೇಪಣೆಯನ್ನು ಯಾರಿಗೆ ಎಷ್ಟು ಹೊತ್ತಿನೊಳಗೆ ಬರೆದುಕೊಡಬೇಕು, ಇವೂ ಅದೇ ಪುಟದಲ್ಲಿರಲಿ. ಆಕ್ಷೇಪಣಾ ಸಮಿತಿಯ ಮೂವರಲ್ಲಿ ಇಬ್ಬರಾದರೂ ಹೊರಗಿನ ಊರಿನ ದೈಹಿಕ ಶಿಕ್ಷಣ ಶಿಕ್ಷಕರಾಗಿದ್ದರೆ ನಿಮ್ಮ ಸಂಘದ ಅಧ್ಯಕ್ಷರು ನೆಮ್ಮದಿಯಿಂದ ಮನೆಗೆ ಹೋಗಬಹುದು.

ಐದನೆಯ ಹೆಜ್ಜೆ: ಬೇಸಾಯದ ಸ್ಪರ್ಧೆ

ಹಳ್ಳಿಯ ಯುವಕ ಸಂಘದಲ್ಲಿ ಬೇಸಾಯಕ್ಕೆ ಸಂಬಂಧಿಸಿದ ಸ್ಪರ್ಧೆಯೇ ಇಲ್ಲದಿರುವುದು ನನಗೆ ಎಂದೂ ಸರಿಕಂಡಿಲ್ಲ. ಇದನ್ನು ನಡೆಸುವುದು ಕಷ್ಟವೂ ಅಲ್ಲ, ಶಾಮಿಯಾನವೂ ಬೇಡ. ಮೂವತ್ತೈದು ವರ್ಷದೊಳಗಿನ ಸದಸ್ಯರು ಬಿತ್ತನೆಗೆ ಮೊದಲೇ ಹೆಸರು ಕೊಟ್ಟು, ರಾಗಿಯದೋ ಭತ್ತದ್ದೋ ಒಂದು ತಾಕನ್ನು ಸ್ಪರ್ಧೆಗೆ ಇಡಲಿ. ಇಳುವರಿ ಅಳೆಯಲು ಬೆಳೆ ಕಟಾವು ಪ್ರಯೋಗದಲ್ಲಿ ಬಳಸುವ ಪದ್ಧತಿಯನ್ನೇ ಅನುಸರಿಸಬಹುದು: ತಾಕಿನೊಳಗೆ ಚೀಟಿಯಿಂದ ಬಂದ ಸಂಖ್ಯೆಯಷ್ಟು ಹೆಜ್ಜೆ ಉದ್ದಕ್ಕೆ, ಇನ್ನೊಂದು ಸಂಖ್ಯೆಯಷ್ಟು ಹೆಜ್ಜೆ ಅಡ್ಡಕ್ಕೆ ನಡೆದು ನಿಂತ ಜಾಗದಿಂದ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕ ಕಟ್ಟಬೇಕು. ಇಲ್ಲಿಯೂ ಕರ್ಣ ಹಿಡಿದು ನೋಡಿ, 7 ಮೀಟರ್ 7 ಸೆಂಟಿಮೀಟರ್ ಬರಬೇಕು. ಚೀಟಿಯಿಲ್ಲದೆ ಮಾಲೀಕನನ್ನೇ ಕೇಳಿದರೆ ಅವನು ತಿಪ್ಪೆಗೊಬ್ಬರ ಸುರಿದ ಮೂಲೆಗೇ ಕರೆದೊಯ್ಯುತ್ತಾನೆ.

ಆ ಚೌಕದ ಬೆಳೆಯನ್ನು ಬೇರೆಯಾಗಿ ಕೊಯ್ದು, ಬಡಿದು, ತೂರಿ, ಒಣಗಿಸಿ ತೂಗಿ. ಇಪ್ಪತ್ತೈದು ಚದರ ಮೀಟರಿನ ತೂಕವನ್ನು 162ರಿಂದ ಗುಣಿಸಿದರೆ ಎಕರೆಯ ಇಳುವರಿ: ಎಂಟು ಕೆ.ಜಿ. ರಾಗಿ ಸಿಕ್ಕರೆ 1,296 ಕೆ.ಜಿ., ಅಂದರೆ ಹದಿಮೂರು ಕ್ವಿಂಟಾಲಿಗೆ ನಾಲ್ಕು ಕೆ.ಜಿ. ಕಡಿಮೆ. ಆದರೆ ಬರೇ ಇಳುವರಿಗೆ ಬಹುಮಾನ ಕೊಟ್ಟರೆ ಸ್ಪರ್ಧೆ ಯೂರಿಯಾ ಚೀಲಗಳ ನಡುವೆ ನಡೆಯುತ್ತದೆ. ನೂರು ಅಂಕದಲ್ಲಿ ಐವತ್ತನ್ನು ಇಳುವರಿಗೂ, ಉಳಿದ ಐವತ್ತನ್ನು ಸ್ಪರ್ಧಿಯು ಬಿತ್ತನೆಯಿಂದ ಒಕ್ಕಣೆಯವರೆಗೆ ದಿನಾಂಕ ಸಹಿತ ಬರೆದಿಟ್ಟ ಖರ್ಚು ವೆಚ್ಚದ ಪುಸ್ತಕಕ್ಕೂ ಹಂಚಿ. ಮನೆಯಾಳುಗಳ ಕೂಲಿಯನ್ನೂ ಬರೆಯಬೇಕೆಂಬ ನಿಯಮವಿರಲಿ. ಅದನ್ನು ಬರೆದ ಮೊದಲ ವರ್ಷ ಅಪ್ಪ ಮಕ್ಕಳ ನಡುವೆ ಒಳ್ಳೆಯ ಚರ್ಚೆಗಳಾಗುತ್ತವೆ. ಹತ್ತಿರದ ರೈತ ಸಂಪರ್ಕ ಕೇಂದ್ರದ ಅಥವಾ ಕೃಷಿ ವಿಜ್ಞಾನ ಕೇಂದ್ರದವರನ್ನು ತೀರ್ಪಿಗೆ ಕರೆಯಬಹುದು. ರೈತರ ದಿನವಾದ ಡಿಸೆಂಬರ್ 23ಕ್ಕೆ ಕಟಾವು ಮುಗಿದಿದ್ದರೆ ಅಂದೇ ಬಹುಮಾನ.

ಗಿಡ ನೆಡುವುದನ್ನೂ ಹೀಗೆಯೇ ಸ್ಪರ್ಧೆಯಾಗಿಸಿ. ಜುಲೈಯಲ್ಲಿ ಫೋಟೋ ತೆಗೆಸಿಕೊಂಡ ಸಸಿಗಳಿಗೆ ಮಾರ್ಚಿಯಲ್ಲಿ ನೀರು ಹಾಕುವವರಿರುವುದಿಲ್ಲ. ಆದ್ದರಿಂದ ಹೊಂಗೆ, ಬೇವು, ನೇರಳೆ ಸಸಿಗಳನ್ನು ಮನೆಗೆ ಎರಡರಂತೆ ಹೆಸರು ಬರೆದು ಹಂಚಿ, ಬದುಕಿರುವ ಗಿಡಗಳನ್ನು ಮುಂದಿನ ಜೂನ್ 5ರಂದು ಎಣಿಸಿ ಬಹುಮಾನ ಕೊಡಿ.

ಆರನೆಯ ಹೆಜ್ಜೆ: ಹಾಡು, ಕುಣಿತ ಮತ್ತು ತೀರ್ಪು

ಯುವಜನ ಮೇಳಕ್ಕೆ ಸಿದ್ಧರಾಗಲು ಊರೊಳಗಿನ ಜಾನಪದ ಗೀತೆ ಸ್ಪರ್ಧೆ ಒಳ್ಳೆಯ ದಾರಿ. ಸೋಬಾನೆ, ಬೀಸುವ ಪದಗಳನ್ನು ಕ್ಯಾಸೆಟ್ಟಿನ ಧಾಟಿಯಿಂದ ಕಲಿಯುವ ಬದಲು ಊರಿನ ಅಜ್ಜಿಯರ ಬಳಿ ಕುಳಿತು ಕಲಿಯಿರಿ. ಹಾಡನ್ನು ಕಲಿಸಿದವರ ಹೆಸರನ್ನೂ ವೇದಿಕೆಯಲ್ಲಿ ಹೇಳಬೇಕೆಂಬ ನಿಯಮ ಹಾಕಿದರೆ, ಆ ಅಜ್ಜಿಯರು ಮುಂದಿನ ಸಾಲಿನಲ್ಲಿ ಬಂದು ಕೂರುತ್ತಾರೆ.

ತೀರ್ಪುಗಾರರು ಮೂವರಿರಲಿ. ಸಾಹಿತ್ಯ, ಧಾಟಿ, ತಾಳ, ಒಟ್ಟು ಪ್ರಸ್ತುತಿ ಎಂದು ನಾಲ್ಕು ಕಲಮುಗಳಿಗೆ ತಲಾ ಹತ್ತು ಅಂಕ. ಒಬ್ಬರಿನ್ನೊಬ್ಬರ ಹಾಳೆ ನೋಡದೆ ಬರೆಯಬೇಕು, ಪ್ರತಿ ಸ್ಪರ್ಧಿ ಮುಗಿದೊಡನೆ ಹಾಳೆ ಸಂಗ್ರಹಿಸಬೇಕು. ಅಂಕ ಸಮವಾದರೆ ಧಾಟಿಯ ಅಂಕ ನೋಡುವುದೆಂದು ಮೊದಲೇ ಘೋಷಿಸಿ. ಫಲಿತಾಂಶದ ಜೊತೆ ಮೂರೂ ಹಾಳೆಗಳನ್ನು ಗೋಡೆಗೆ ಅಂಟಿಸುವುದು ಕೆಲವರಿಗೆ ಮುಜುಗರವೆನಿಸಬಹುದು. ಅಂಥವರನ್ನು ತೀರ್ಪಿಗೆ ಕರೆಯದಿದ್ದರಾಯಿತು. ಓದಿನ ಸ್ಪರ್ಧೆಗಳಿಗೆ, ರಸಪ್ರಶ್ನೆಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರವಿದೆ, ಪುಸ್ತಕಗಳೂ ಅಲ್ಲೇ ಇವೆ.

ಏಳನೆಯ ಹೆಜ್ಜೆ: ಅನುಮತಿ ಮತ್ತು ಸುರಕ್ಷತೆ

ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯಿಂದ ಲಿಖಿತ ಅನುಮತಿ ಬೇಕು; 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಅದನ್ನು ಬಳಸುವಂತಿಲ್ಲ. ಶಾಲಾ ಮೈದಾನಕ್ಕೆ ಮುಖ್ಯ ಶಿಕ್ಷಕರ ಮತ್ತು ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯ ಒಪ್ಪಿಗೆ, ಪಂಚಾಯಿತಿ ಜಾಗಕ್ಕೆ ಪಂಚಾಯಿತಿಯ ಪತ್ರ, ದೀಪಗಳಿಗೆ ವಿದ್ಯುತ್ ಕಂಪನಿಯಿಂದ ತಾತ್ಕಾಲಿಕ ಸಂಪರ್ಕ. ಕಂಬಕ್ಕೆ ಕೊಕ್ಕೆ ಹಾಕಿ ಬೆಳಕು ತರುವುದು, ಅದೂ ನೀರು ಚಿಮುಕಿಸಿದ ಅಂಕಣದ ಪಕ್ಕದಲ್ಲಿ, ಜೀವದ ಜೊತೆ ಆಡುವ ಆಟ. ಅಡಕೆ ಮರದ ಗ್ಯಾಲರಿ ಕಟ್ಟಿದರೆ ಎಷ್ಟು ಮಂದಿ ಕೂರಬಹುದೆಂದು ಕಟ್ಟಿದವರಿಂದಲೇ ಕೇಳಿ ಬರೆದು ತೂಗುಹಾಕಿ, ಕಾಯಲು ಇಬ್ಬರನ್ನು ನಿಲ್ಲಿಸಿ. ಕೆಸರುಗದ್ದೆಯ ಓಟ ಇಟ್ಟುಕೊಂಡವರು ಗದ್ದೆಯನ್ನು ಉತ್ತ ಮೇಲೆ ಬರಿಗಾಲಿನಲ್ಲಿ ಸಾಲಾಗಿ ನಡೆದು ಗಾಜು, ಮುಳ್ಳು ಹುಡುಕಬೇಕು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಜೊತೆ, 108 ಬರುವವರೆಗೆ ಕಾಯಲಾಗದ ಸಂದರ್ಭಕ್ಕೆ ಚಾಲಕನಿರುವ ಒಂದು ವಾಹನ ದಿನವಿಡೀ ಮೈದಾನದಲ್ಲಿರಲಿ, ಮತ್ತು ಅದರ ದಾರಿಗೆ ಬೈಕುಗಳು ಅಡ್ಡ ನಿಲ್ಲದಿರಲಿ.

ರಕ್ತದಾನ ಶಿಬಿರವನ್ನು ಪರವಾನಗಿಯುಳ್ಳ ರಕ್ತನಿಧಿ ಕೇಂದ್ರದ ಮೂಲಕವೇ ನಡೆಸಬೇಕು. ದಾನಿಗೆ ಕನಿಷ್ಠ 18 ವರ್ಷ, 45 ಕೆ.ಜಿ. ತೂಕ, ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು. ಕ್ರೀಡಾಕೂಟದ ದಿನವೇ ಆಟಗಾರರಿಂದ ರಕ್ತ ತೆಗೆಸುವ ತಪ್ಪು ಮಾಡಬೇಡಿ.

ಎಂಟನೆಯ ಹೆಜ್ಜೆ: ಹಣ ಮತ್ತು ಮರುದಿನ

ಖರ್ಚನ್ನು ಎರಡು ಪಟ್ಟಿ ಮಾಡಿ: ಸ್ಪರ್ಧೆ ನಡೆಯಲು ಬೇಕೇಬೇಕಾದದ್ದು ಒಂದು, ಮೆರುಗಿಗೆ ಬೇಕಾದದ್ದು ಇನ್ನೊಂದು. ತೀರ್ಪುಗಾರರ ಗೌರವಧನ, ಕುಡಿಯುವ ನೀರು, ಊಟ, ಪ್ರಥಮ ಚಿಕಿತ್ಸೆ, ಬಹುಮಾನ ಮೊದಲನೆಯದರಲ್ಲಿ. ಫ್ಲೆಕ್ಸು, ಹಾರ, ಶಾಲು, ಡಿಜೆ ಎರಡನೆಯದರಲ್ಲಿ. ಮೊದಲ ಪಟ್ಟಿಯ ಹಣ ಕೈಗೆ ಬರುವವರೆಗೆ ಎರಡನೆಯದಕ್ಕೆ ಮುಂಗಡ ಕೊಡಬಾರದು. ಪ್ರಾಯೋಜಕರು ಬಾಯಿಮಾತಿನಲ್ಲಿ ಒಪ್ಪಿದ ಬಹುಮಾನವನ್ನು ಹಣ ಬಂದ ಮೇಲಷ್ಟೇ ಕರಪತ್ರದಲ್ಲಿ ಹಾಕಿಸಿ. ಪ್ರತಿ ಚಂದಾಕ್ಕೂ ಸಂಖ್ಯೆಯಿರುವ ರಸೀದಿ, ಪ್ರತಿ ಖರ್ಚಿಗೂ ಬಿಲ್ಲು ಅಥವಾ ವೋಚರ್ ಇದ್ದು, ಒಂದು ವಾರದೊಳಗೆ ಜಮಾ ಖರ್ಚು ಸಂಘದ ಹಲಗೆಯ ಮೇಲೆ ಬರಬೇಕು.

ಮರುದಿನ ಬೆಳಿಗ್ಗೆಗೆ ಎಂಟು ಮಂದಿಯ ಹೆಸರನ್ನು ಮೊದಲೇ ಬರೆದಿಟ್ಟುಕೊಳ್ಳಿ, ಏಕೆಂದರೆ ಆ ಹೊತ್ತಿಗೆ ಸ್ವಯಂಸೇವಕರೆಲ್ಲ ಮಲಗಿರುತ್ತಾರೆ. ಮೈದಾನದ ಕಸ ಗುಡಿಸಿ, ಗೂಟ ತೆಗೆದ ಗುಂಡಿ ಮುಚ್ಚಿ, ಶಾಲೆಯ ಬೀಗದಕೈ ಹಿಂದಿರುಗಿಸಿ, ಬಾಡಿಗೆಗೆ ತಂದ ಪಾತ್ರೆಗಳನ್ನು ಎಣಿಸಿ ಮುಟ್ಟಿಸಬೇಕು. ಅದೇ ವಾರದ ಸಭೆಯಲ್ಲಿ, ಎಲ್ಲೆಲ್ಲಿ ತಡವಾಯಿತು, ಏನು ಸಾಲದಾಯಿತು, ಏನು ಮಿಕ್ಕಿತು ಎಂಬುದನ್ನು ಒಂದು ಗಟ್ಟಿ ರಟ್ಟಿನ ಪುಸ್ತಕದಲ್ಲಿ ಬರೆದು, ಅಧಿಕಾರ ಬದಲಾದಾಗ ಮೊಹರು, ಪಾಸ್‌ಬುಕ್ಕುಗಳ ಜೊತೆ ಅದನ್ನೂ ಮುಂದಿನ ಕಾರ್ಯದರ್ಶಿಗೆ ಒಪ್ಪಿಸಿ. ನಮ್ಮ ಸಂಘದ ಆ ಪುಸ್ತಕದ ಮೊದಲ ಪುಟದಲ್ಲಿ ಈಗಲೂ ನನ್ನ ಅಕ್ಷರದಲ್ಲಿದೆ: ತಂಡ 17, ಪಂದ್ಯ 16, ಮುಗಿದದ್ದು ಬೆಳಿಗ್ಗೆ 7 ಗಂಟೆ, ಟೀ ಸಾಲಲಿಲ್ಲ.